ಬಣ್ಣ ಬಿಟ್ಟ ಪರದೆ

ಟಪ್ ಎಂದು ಏನೋ ಬಿದ್ದು, ಸಿಮೆಂಟು ನೆಲದ ಮೇಲೆ ಉರುಳಿಕೊಂಡು ಬಂತು. ಒಗೆಯುವ ಕೋಣೆಯಲ್ಲಿ ರಾತ್ರಿ ಹನ್ನೊಂದೂವರೆ. “ತಪ್ಪಾಯ್ತು, ನೋಡಲಿಲ್ಲ,” ಎಂದಳು ಆಸ್ಪತ್ರೆಯ ಬಟ್ಟೆ ಒಗೆಯುವ ಅಕ್ಕ. ಬೀಳಿಸಿದ್ದು ಅವಳಲ್ಲ. ಆದರೆ ಕರೆಂಟು ಹೋದರೂ ತಪ್ಪಾಯ್ತು ಅನ್ನುವ ಬಾಯಿ ಅದು.

ಉರುಳಿ ಬಂದದ್ದು ಅಂಗಿಯ ಗುಂಡಿ. ಕಪಾಟಿನ ಮರೆಯಲ್ಲಿ, ಗಂಡಸರ ನೀಲಿ ಅಂಗಿ ತೊಟ್ಟು, ಪಾಳಿ ಮುಗಿಸಿದ ಮೂರನೇ ವಾರ್ಡಿನ ನರ್ಸ್. ಬಿಚ್ಚಿದ ಗುಲಾಬಿ ಗೌನು ಕುರ್ಚಿಯ ಮೇಲೆ.

“ಏನಮ್ಮಾ ಇದು?”

“ಸುಮ್ನೆ ಒಂದ್ಸಲ ಹಾಕಿ ನೋಡಿದೆ ಅಕ್ಕಾ. ನಾಳೆಯಿಂದ ಹೇಗೂ ಬರಲ್ಲ.”

“ಯಾಕೆ, ಏನಾಯ್ತು?”

“ನಾನು ಹುಡುಗಿ ಅಲ್ಲ, ಹುಡುಗ ಅಂತ ಅರ್ಜಿ ಕೊಟ್ಟು ಎಂಟು ತಿಂಗಳು. ಸಮಾನತಾ ಸಮಿತಿ ಯೋಚನೆ ಮಾಡ್ತಾ ಇದೆಯಂತೆ. ಅಲ್ಲಿವರೆಗೆ ಗೌನೇ. ಬೆಳಿಗ್ಗೆ ಗೌನಿಲ್ಲದೆ ಕಂಡರೆ ಕೆಲಸ ಇಲ್ಲ. ಹಾಕ್ಕೊಂಡ್ರೆ ಉಸಿರೇ ಆಡಲ್ಲ ಅಕ್ಕಾ.”

ಸಮಿತಿಯನ್ನು ಅಕ್ಕ ಬಲ್ಲಳು. ಹೆಂಗಸರ ಹಕ್ಕುಗಳ ಬಗ್ಗೆ ಆಳವಾಗಿ ಚಿಂತಿಸುವ ಏಳು ಗಂಡಸರು. ಪ್ರತಿ ಸಭೆಯ ನಂತರ ಮೇಜುಬಟ್ಟೆ ಒಗೆಯಲು ಬರುತ್ತಿತ್ತು, ಚಿಂತನೆಯಷ್ಟೇ ಆಳವಾದ ಟೀ ಕಲೆಗಳೊಂದಿಗೆ. ಇಲ್ಲಿಯವರೆಗೆ ಅವರು ಕೈಗೊಂಡದ್ದು ಒಂದೇ ನಿರ್ಣಯ: ಗಂಡಸರಿಗೂ ಹೆಂಗಸರಿಗೂ ಸರಿಸಮ ಸಂಖ್ಯೆಯಲ್ಲಿ ಉಡುಪು ಖರೀದಿ. ಗಂಡು ನರ್ಸುಗಳಿದ್ದದ್ದು ನಾಲ್ಕೇ ಜನ. ಉಳಿದ ನೀಲಿ ಅಂಗಿ ಪ್ಯಾಂಟುಗಳು ಕಟ್ಟು ಬಿಚ್ಚದೆ ಕಪಾಟು ತುಂಬಿದ್ದವು. ಗೌನಿನಲ್ಲಿ ಬಗ್ಗಲಾಗುವುದಿಲ್ಲ, ಒಂದು ಜೇಬೂ ಇಲ್ಲ ಎಂದು ಹೆಂಗಸರು ದೂರಿದಾಗ ಸಮಿತಿ ‘ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ’ ಎಂಬ ಪೋಸ್ಟರು ಅಂಟಿಸಿತ್ತು.

ಅಕ್ಕ ಸೂಜಿ ಹುಡುಕಿದಳು. ಡಬ್ಬಿಯಲ್ಲಿದ್ದದ್ದು ಗುಲಾಬಿ ದಾರ ಮಾತ್ರ. ಅದರಲ್ಲೇ ಗುಂಡಿ ಹಚ್ಚಿ ಹಲ್ಲಿನಿಂದ ದಾರ ಕಡಿದಳು. “ಅಂಗಿ ಇಟ್ಕೊ. ಬೆಳಿಗ್ಗೆ ಬಾ. ಈಗ ಹೋಗಿ ಮಲಗಪ್ಪಾ.”

ಅವನು ಥಟ್ಟನೆ ತಲೆಯೆತ್ತಿ ನೋಡಿದ. ಹಚ್ಚಿದ ಗುಂಡಿ ಹಾಕಿಕೊಂಡು ಹೊರಟ.

ಗೌನುಗಳನ್ನು ಮನೆಗೆ ಒಯ್ಯುವಂತಿರಲಿಲ್ಲ. ಬೆಳಗಿನ ಪಾಳಿಯ ನಲವತ್ತೂ ಯಂತ್ರದೊಳಗಿದ್ದವು. ಅವನದನ್ನೂ ಅದಕ್ಕೇ ಹಾಕಿದಳು. ಪಕ್ಕದಲ್ಲಿ ಶಸ್ತ್ರಚಿಕಿತ್ಸಾ ಕೋಣೆಯ ಹೊಸ ಹಸಿರು ಪರದೆ. ‘ಬೇರೆಯಾಗಿ ಒಗೆಯಬೇಕು’ ಎಂಬ ಚೀಟಿ ಚುಚ್ಚಿದ್ದವಳು ಅವಳೇ. ಚೀಟಿಯನ್ನು ಎರಡು ಸಲ ಓದಿದಳು. ಪಿನ್ನು ತೆಗೆದಳು. ಪರದೆಯನ್ನು ಗೌನುಗಳ ನಡುವೆ ತುರುಕಿ, ನೀರನ್ನು ಕುದಿಯುವ ಬಿಸಿಗೆ ತಿರುಗಿಸಿ, ಸ್ಟೂಲಿನ ಮೇಲೆ ಕುಳಿತಳು.

ಬೆಳಿಗ್ಗೆ ಗೌನುಗಳು ಪಾಚಿಗಟ್ಟಿದ ಗೋಡೆಯ ಹಾಗಿದ್ದವು. “ರೋಗಿಗಳು ಹೆದರಿ ಸಾಯ್ತಾರೆ!” ಎಂದು ಮುಖ್ಯ ನರ್ಸ್ ಕಿರುಚಿದಳು. “ಆ ನೀಲಿ ಕಟ್ಟು ಬಿಚ್ಚಿ, ಎಲ್ಲರೂ ಅದನ್ನೇ ಹಾಕ್ಕೊಳ್ಳಿ!” ಎಂಟು ಗಂಟೆಗೆ ಇಡೀ ಆಸ್ಪತ್ರೆ ನೀಲಿ. ಹೆಂಗಸರು ಜೇಬಿನಲ್ಲಿ ಕೈ ಹಾಕಿಕೊಂಡು ಎರಡೆರಡು ಮೆಟ್ಟಿಲು ಹತ್ತುತ್ತಿದ್ದರು. ಗೌನು ಹಾಕದ ತಪ್ಪಿಗೆ ಒಬ್ಬರನ್ನು ವಜಾ ಮಾಡಲು ಹೊರಟರೆ ಎಲ್ಲರನ್ನೂ ಮಾಡಬೇಕಿತ್ತು.

ಮಧ್ಯಾಹ್ನ ಕಚೇರಿಯಿಂದ ಎರಡು ಕಾಗದ ಹೊರಟವು. ಒಂದು ಸೂಚನಾ ಫಲಕಕ್ಕೆ: ‘ಎಲ್ಲರಿಗೂ ಒಂದೇ ಉಡುಪು – ಸಮಾನತಾ ಸಮಿತಿಯ ಚಾರಿತ್ರಿಕ ನಿರ್ಣಯ’. ಇನ್ನೊಂದು ಅಕ್ಕನಿಗೆ: ನಿರ್ಲಕ್ಷ್ಯಕ್ಕೆ ಕಾರಣ ಕೇಳಿ ಮೆಮೊ.

“ಇಪ್ಪತ್ತೆರಡು ವರ್ಷದ ಅನುಭವ ನಿಂದು. ಹೇಗಮ್ಮಾ ಆಯ್ತು ಇದು?” ಎಂದರು ಆಡಳಿತಾಧಿಕಾರಿ.

‘ತಪ್ಪಾಯ್ತು’ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಬಾಗಿಲಾಚೆ ಗಾಲಿಮಂಚ ತಳ್ಳುತ್ತ, ಸಣ್ಣಗೆ ಶಿಳ್ಳೆ ಹಾಕುತ್ತ ಒಬ್ಬ ಹುಡುಗ ಹಾದುಹೋದ. ಅಂಗಿಯ ಒಂದು ಗುಂಡಿಗೆ ಗುಲಾಬಿ ದಾರ.

“ಪರದೆ ಬಣ್ಣ ಬಿಟ್ಟಿತು ಸಾರ್,” ಎಂದಳು ಅಕ್ಕ.

ಇಷ್ಟು ವರ್ಷ ಊರವರ ತಪ್ಪಿಗೆಲ್ಲ ಕ್ಷಮೆ ಕೇಳಿದ್ದಳು. ನಿಜವಾಗಿ ತನ್ನದೇ ಆದ ಈ ಒಂದನ್ನು ಯಾರಿಗೂ ಹೇಳಬಾರದು, ಆ ಹುಡುಗನಿಗೂ, ಎಂದುಕೊಂಡು ಮೆಮೊವನ್ನು ಸಣ್ಣಗೆ ಮಡಿಸಿ, ತನ್ನ ಹೊಸ ನೀಲಿ ಅಂಗಿಯ ಜೇಬಿಗೆ ಇಳಿಸಿದಳು.