ಅನಂತಲಕ್ಷ್ಮಿಯ ಹಾಲಿನ ಪರೀಕ್ಷೆ

ಇಂಗಿನ ಒಗ್ಗರಣೆಯ ವಾಸನೆ. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದು ಚೀಲ ಬಿಸಾಡುವ ಮೊದಲೇ ಅಜ್ಜಿಯ ಅಡುಗೆಮನೆಯಿಂದ ಎದುರುಗೊಳ್ಳುತ್ತಿದ್ದ ಅದೇ ವಾಸನೆ ಈಗ ಪ್ರಯೋಗಾಲಯದಲ್ಲಿ, ಅದೂ ಪರೀಕ್ಷೆಯ ನಡುವೆ! ಅನಂತಲಕ್ಷ್ಮಿ ಪಕ್ಕದ ಸೀತೆಯನ್ನು ದುರುಗುಟ್ಟಿ ನೋಡಿದಳು.

“ನನ್ನ ಮಜ್ಜಿಗೆ ಕುಡಿದ್ಬಿಟ್ಯೇನೇ?”

“ನಾನ್ಯಾಕೆ ಕುಡೀಲಿ? ಕಪಾಟಲ್ಲಿ ನೋಡ್ಕೋ.”

“ನೋಡ್ದೆ, ಇಲ್ಲ. ಇಂಗಿನ ವಾಸನೆ ನಿನ್ನ ಕಡೆಯಿಂದ್ಲೇ ಬರ್ತಾ ಇದೆ.”

“ಹೆದರಿಕೆಗೆ ಬೆಳಗ್ಗಿಂದ ಒಂದು ಅಗಳೂ ಗಂಟಲಲ್ಲಿ ಇಳಿದಿಲ್ಲ ಕಣೇ!” ಸೀತೆ ಕಿಸಕ್ಕೆಂದಳು. ಆ ನಗು ಅನಂತಲಕ್ಷ್ಮಿಗೂ ಹತ್ತಿತು.

“ಏನ್ರವ್ವಾ ಅಲ್ಲಿ ಗುಸುಗುಸು?”

ಗುರುಬಸಪ್ಪನವರ ಕಿವಿ ಬಲು ಚುರುಕು. ಧಾರವಾಡದ ಕಡೆಯವರು, ರಾಜಾಜಿನಗರದ ಹೊಸ ಬಿಸ್ಕತ್ತು ಕಾರ್ಖಾನೆಯಲ್ಲಿ ಹುಡುಗಿಯರಿಗೆ ರಾಸಾಯನಿಕ ಪರೀಕ್ಷೆ ಕಲಿಸುತ್ತಿದ್ದರು. ತಿನ್ನುವ ಪದಾರ್ಥ ಒಳಗೆ ತಂದವರನ್ನು ಮನೆಗೇ ಕಳಿಸುವವರು. ಮಜ್ಜಿಗೆಯ ದೂರನ್ನು ಅವರ ಬಳಿ ಒಯ್ಯುವುದುಂಟೇ! ಇವತ್ತು ಗೆದ್ದರೆ ಇಲ್ಲೇ ಕೆಲಸ. ಸೋತರೆ ತುಮಕೂರಿನ ವರನಿಗೆ ಒಪ್ಪಿಗೆ ಹೇಳಿಬಿಡುತ್ತೇನೆಂದು ಅಪ್ಪ ಗದರಿದ್ದರು.

ಕಪಾಟಿನಿಂದ ಅವರು ಒಬ್ಬೊಬ್ಬಳಿಗೂ ಒಂದೊಂದು ಬಾಟಲಿ ಹಾಲು ಕೊಟ್ಟಿದ್ದರು. ಶುದ್ಧವೋ ಕಲಬೆರಕೆಯೋ ಹೇಳಬೇಕು. ನಾಲಿಗೆಗೆ ಸೋಕಿಸುವಂತಿಲ್ಲ.

ಅನಂತಲಕ್ಷ್ಮಿ ಬ್ಯೂರೆಟ್ಟಿನ ಗಾಜುಕೊಳವೆಯಿಂದ ಹಾಲಿಗೆ ಕ್ಷಾರವನ್ನು ತೊಟ್ಟುತೊಟ್ಟಾಗಿ ಬಿಟ್ಟಳು. ಹುಳಿ ಮುಗಿದಾಗ ಮೂಡುವ ಗುಲಾಬಿ ಬಣ್ಣ ಬರಲಿಲ್ಲ. ಇನ್ನೂ ಬಿಟ್ಟಳು. ಕೊಳವೆ ಬರಿದಾಗುವ ಹೊತ್ತಿಗೆ ಬಂತು. ಅಬ್ಬಾ, ಇಷ್ಟು ಹುಳಿಯೇ! ಉಳಿದ ಪರೀಕ್ಷೆಗಳನ್ನೂ ಮಾಡಿದಳು. ನೀರೋ, ಅರ್ಧಕ್ಕರ್ಧ. ಸಾಲದ್ದಕ್ಕೆ ಉಪ್ಪು ಬೇರೆ! ಕಳ್ಳ ಸಿಕ್ಕಿಬಿದ್ದ ಖುಷಿಗೆ ನಿಂತಲ್ಲೇ ಕುಣಿಯುವಂತಾಯಿತು. ಒಂದೇ ಉಸಿರಿಗೆ ಬರೆದಳು: “ಮನುಷ್ಯರು ಕುಡಿಯಲು ಯೋಗ್ಯವಲ್ಲ. ಮಾಡಿದವರಿಗೆ ದಂಡ ಹಾಕತಕ್ಕದ್ದು.”

ಗುರುಬಸಪ್ಪನವರು ಓದಿದರು. ಎದ್ದು ಕಪಾಟು ತೆರೆದರು. ಒಳಗೆ ಒಂದು ಬಾಟಲಿ ಹಾಲು ಉಳಿದಿತ್ತು, ತಲೆಗೊಂದರಂತೆ ಎಣಿಸಿಟ್ಟಿದ್ದರಿಂದ ಉಳಿಯಬಾರದಿತ್ತು. ಅವಳ ಮೇಜಿನ ಬಾಟಲಿಯನ್ನು ಮೂಗಿನ ಬಳಿ ಹಿಡಿದರು. ಅವರ ಭುಜಗಳು ಕುಲುಕಿದವು. ವರದಿಯ ಮೇಲೆ ‘ತೇರ್ಗಡೆ’ ಎಂದು ಬರೆದರು.

ಉಳಿದವರೆಲ್ಲ ಊಟಕ್ಕೆ ಹೊರಬೀಳುವವರೆಗೂ ಕಾದರು.

“ಅಳತಿ ಬರೋಬ್ಬರಿ ಐತಿ ತಂಗಿ. ಆದ್ರ ನಿಮ್ಮ ಮನ್ಯಾಗ ಮಜ್ಜಿಗಿ ಕಡದವರಿಗೆ ನಾ ಹ್ಯಾಂಗ ದಂಡ ಹಾಕಲಿ? ನಾಳಿಂದ ನಮ್ಮ ಬಾಟ್ಲ್ಯಾಗ ತರಬ್ಯಾಡ,” ಎಂದು ಮೆಲುದನಿಯಲ್ಲಿ ಹೇಳಿ, ಜೋಳದ ರೊಟ್ಟಿ, ಎಣ್ಣೆಗಾಯಿ ಇದ್ದ ತಮ್ಮ ಬುತ್ತಿಯನ್ನು ಅವಳ ಕೈಗಿಟ್ಟರು.