ಇಬ್ಬರಿಗೂ ರಜೆ

ಕಾರ್ಖಾನೆಯ ಪೂಜೆ ಮುಗಿಸಿ, ಕಡಲೆಪುರಿಯ ಪೊಟ್ಟಣ ಹಿಡಿದು ಕೋಣೆಗೆ ಬಂದ ಯಮನಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟ. ಕಂಪ್ಯೂಟರಿಗೆ ಸೇವಂತಿಗೆ ಹಾರ ಬಿದ್ದಿತ್ತು. ಎರಡೂ ಜಾಯ್‌ಸ್ಟಿಕ್ಕುಗಳ ಮುಂದೆ ಒಂದೊಂದು ನಿಂಬೆಹಣ್ಣು ಕೂತಿತ್ತು.

"ಆಯುಧಪೂಜೆ ಅಲ್ವಾ, ನಿಮ್ ಮಿಸೀನ್ಗೂ ಮಾಡ್ಬುಟ್ಟೆ," ಎಂದಳು ಆರತಿ ತಟ್ಟೆ ಹಿಡಿದು ನಿಂತಿದ್ದ ಮನೆಯೊಡತಿ ಅಂಜಿನಮ್ಮ. "ಟೀವಿ ಉರೀತಾ ಇತ್ತು, ದೀಪ ಇದ್ದಂಗೆ ಇರ್ಲಿ ಅಂತ ಆರಿಸ್ಲಿಲ್ಲ. ನಾಳೆ ಪೂಜೆ ಆಗೋಗಂಟ ಮುಟ್ಟಂಗಿಲ್ಲ, ಆಯ್ತಾ?"

ಪೀಣ್ಯದ ಒಂದೇ ಕಾರ್ಖಾನೆಯಲ್ಲಿ ಯಮನಪ್ಪನದು ಹಗಲು ಪಾಳಿ, ಕೋಣೆಯ ಜೊತೆಗಾರ ಗದಿಗೆಪ್ಪನದು ರಾತ್ರಿ ಪಾಳಿ. ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗಬೇಕು. ಕಂಪ್ಯೂಟರಿನಲ್ಲಿದ್ದ ಹಳೇ ಫುಟ್‌ಬಾಲ್ ಆಟವೂ ಪಾಳಿಯ ಮೇಲೆಯೇ ನಡೆಯುತ್ತಿತ್ತು. ಕೆಲಸಕ್ಕೆ ಹೊರಡುವ ಮುನ್ನ ಯಮನಪ್ಪ ಚೆಂಡನ್ನು ಗದಿಗೆಪ್ಪನ ಗೋಲಿನ ಬಾಯಿಗೆ ಒಯ್ದು ಆಟ ನಿಲ್ಲಿಸುವನು. ಗದಿಗೆಪ್ಪ ಬಂದು ಅದನ್ನು ಕಸಿದುಕೊಂಡು ಯಮನಪ್ಪನ ಗೋಲಿನ ಬಾಯಿಗೆ ತಂದು ನಿಲ್ಲಿಸುವನು. ಗೋಲು ಮಾತ್ರ ಹೊಡೆಯುವಂತಿಲ್ಲ. ಮನೆಯಲ್ಲಿ ಇಲ್ಲದವನಿಗೆ ಗೋಲು ಹೊಡೆಯುವುದೂ ಒಂದು ಮರ್ಯಾದೆಯೇ? ಕರೆಂಟು ಹೋದರೆ ಪಂದ್ಯ ಅಳಿಸಿಹೋದೀತೆಂದು ಲಾರಿಯ ಬ್ಯಾಟರಿ ಬೇರೆ ಕಟ್ಟಿದ್ದರು. ಯುಗಾದಿಗೆ ಶುರುವಾದ ಪಂದ್ಯ ದಸರೆಗೆ ಬಂದರೂ ಇಬ್ಬರದೂ ಸೊನ್ನೆ.

ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಇವತ್ತೊಂದೇ ದಿನ. ಗದಿಗೆಪ್ಪನಿಗೆ ಅತ್ತಿಬೆಲೆಯ ಘಟಕಕ್ಕೆ ವರ್ಗವಾಗಿತ್ತು. ನಾಳೆ ಬೆಳಕು ಹರಿಯುವುದರೊಳಗೆ ಗಂಟುಮೂಟೆ ಕಟ್ಟಬೇಕು. ಗೆಳೆಯ ಪಕ್ಕದಲ್ಲಿ ಕೂತಿರುವಾಗ ಒಂದು ಗೋಲು ಹೊಡೆಯಬೇಕು, ಇಲ್ಲವೇ ಹೊಡೆಸಿಕೊಳ್ಳಬೇಕು. ಯಮನಪ್ಪನ ಆಸೆ ಇಷ್ಟೇ ಇತ್ತು.

ಹಿಂದೆಯೇ ಬಂದ ಗದಿಗೆಪ್ಪ ಹಾರ ನೋಡಿದ, ನಿಂಬೆಹಣ್ಣು ನೋಡಿದ, ತಲೆ ಕೆರೆದುಕೊಂಡ.

"ಬಾಯಾಗ ಆಡೂಣ ಬಾರಲೇ. ಚೆಂಡು ನಿನ್ನ ಗೋಲಿನ ಮುಂದ ಐತಿ. ನಾ ಒದ್ದೆ ನೋಡು."

"ಎಡಕ್ಕೋ ಬಲಕ್ಕೋ?"

"ಹೇಳಿದ್ರ ನೀ ಹಿಡೀತಿ."

"ಹೇಳದಿದ್ರ ನಾ ಎತ್ತ ಜಿಗೀಲೋ?"

ಅದೂ ನಿಜವೇ. ಪಂಚಾಯಿತಿ ಅಂಜಿನಮ್ಮನ ಮುಂದೆ ಬಂತು. ಒದೆಯುವ ದಿಕ್ಕನ್ನು ಗದಿಗೆಪ್ಪ ಅವಳ ಒಂದು ಕಿವಿಯಲ್ಲಿ ಉಸುರಿದ. ಜಿಗಿಯುವ ದಿಕ್ಕನ್ನು ಯಮನಪ್ಪ ಇನ್ನೊಂದು ಕಿವಿಯಲ್ಲಿ ಉಸುರಿದ. ಆಮೇಲೆ ಇಬ್ಬರೂ ಎದುರಿಗೆ ಕೂತು ಅವಳ ಬಾಯನ್ನೇ ನೋಡತೊಡಗಿದರು.

"ಗೋಲ್ ಆತೇನ್ರೀ, ಅಕ್ಕಾರ?" ಎಂದ ಗದಿಗೆಪ್ಪ.

ಅಂಜಿನಮ್ಮ ಎಲೆಅಡಿಕೆಯನ್ನು ದವಡೆಯ ಒಂದು ಕಡೆಗೆ ತಳ್ಳಿ ಯೋಚಿಸಿದಳು. "ನಂಗೇನೋ ಗೊತ್ತಾಯ್ತು. ಆದ್ರೆ ಇವತ್ತು ಹೇಳಂಗಿಲ್ಲ ಕಣ್ರಪ್ಪಾ. ಆ ಚೆಂಡೂ ನಿಮ್ಗೆ ಆಯುಧಾನೇ ಅಲ್ವಾ? ಬಾಯಲ್ಲಾದ್ರೂ ಸರಿ, ಪೂಜೆ ದಿನ ಅದನ್ನ ಒದೀಬಾರ್ದು."

"ನಾಳಿ ಇಂವ ಇರೂದಿಲ್ರೀ, ಅಕ್ಕಾರ," ಎಂದ ಯಮನಪ್ಪ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

"ಅಯ್ಯೋ ಪಾಪ," ಎಂದಳು ಅಂಜಿನಮ್ಮ. ಹಾಗೆಂದವಳೇ ತಟ್ಟೆಯಿಂದ ಚಿಟಿಕೆ ಕುಂಕುಮ ತೆಗೆದು, ಪರದೆಯ ಮೇಲೆ ಗೋಲಿನ ಮುಂದೆ ನಿಂತಿದ್ದ ಚೆಂಡನ್ನು ಹುಡುಕಿ, ಅದಕ್ಕೊಂದು ಬೊಟ್ಟಿಟ್ಟಳು.

"ಇಬ್ರೂ ಅಡ್ಡಬೀಳ್ರಪ್ಪಾ."