ಮುಖ ತೋರಿಸದ ಕ್ಯಾಮೆರಾ

ಮತ್ತೊಂದು ಏಟು ಬಿತ್ತು. ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿ ಹೆಂಗಸಿನ ಕಾಲು ಅಲ್ಲೇ ನಿಂತುಹೋಯಿತು.

ಮೊಬೈಲ್ ಪರದೆಯಲ್ಲಿ ಎರಡು ಆಕೃತಿಗಳು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೀಟೆಳೆದಂತೆ ಬರೀ ಅಂಚು; ಮುಖವಿಲ್ಲ, ದನಿಯಿಲ್ಲ. ವೃದ್ಧರ ಆರೈಕೆ ಕೇಂದ್ರದ ಕ್ಯಾಮೆರಾ ಇದ್ದದ್ದೇ ಹಾಗೆ. "ಸ್ನಾನ, ಬಟ್ಟೆ ಬದಲಾಯಿಸೋದು ಎಲ್ಲ ಇರುತ್ತಲ್ಲ ಮೇಡಂ, ಅವರ ಮಾನ ಮುಖ್ಯ" ಎಂದಿದ್ದರು ಮೇಲ್ವಿಚಾರಕರು. ಅವಳಿಗೂ ಅದು ಹಿಡಿಸಿತ್ತು. ಮರೆವು ಹತ್ತಿದ ಅಮ್ಮ ಒಲೆ ಉರಿಯಲು ಬಿಟ್ಟು ಬೀದಿಗಿಳಿದ ಮೇಲೆ ಅಲ್ಲಿಗೆ ಸೇರಿಸದೆ ವಿಧಿಯಿರಲಿಲ್ಲ. ಮೊಬೈಲಿನಲ್ಲೇ ಎಲ್ಲ ಕಾಣುತ್ತಿದ್ದುದರಿಂದ ಪದೇ ಪದೇ ಓಡಾಡುವ ತಾಪತ್ರಯವೂ ತಪ್ಪಿತ್ತು.

ಈಗ ನಿಂತ ಆಕೃತಿ ಕೂತ ಆಕೃತಿಯ ಕೆನ್ನೆಗೆ ಬಾರಿಸುತ್ತಿತ್ತು. ಕೂತದ್ದು ತಡೆಯಲು ಕೈಯನ್ನೂ ಎತ್ತಲಿಲ್ಲ.

ಅರ್ಧ ಗಂಟೆಯಲ್ಲಿ ಅವಳು ಅಲ್ಲಿದ್ದಳು. ಅಮ್ಮ ನಿದ್ದೆಹೋಗಿದ್ದಳು. ಪಕ್ಕದಲ್ಲಿ ಟವೆಲ್ ಮಡಚುತ್ತಿದ್ದ ಆಯಾಳ ರಟ್ಟೆ ಹಿಡಿದು ಆಫೀಸಿಗೆ ಎಳೆತಂದಳು.

"ನಮ್ಮಮ್ಮನ ಮೇಲೆ ಕೈ ಮಾಡ್ತೀಯಾ? ನಿನ್ನ ಕೈ ಸೇದಿಹೋಗ!"

ಆಯಾ ಕೈಯಲ್ಲಿದ್ದ ಟವೆಲನ್ನು ಮತ್ತೆ ಮಡಚತೊಡಗಿದಳು.

ಮೇಲ್ವಿಚಾರಕರು ಗಾಬರಿಬಿದ್ದು ಅರ್ಜಿ ಹುಡುಕಿದರು. "ಅಸಲಿ ವಿಡಿಯೋಗೆ ಬೀಗ ಇರುತ್ತೆ ಮೇಡಂ. ಮನೆಯವರು ಸಹಿ ಹಾಕಿದ್ರೆ ಮಾತ್ರ ತೆಗೆಯೋದು."

"ಕೊಡಿ, ಹಾಕ್ತೀನಿ."

ಆಗ ಆಯಾ ಕೈ ಮುಗಿದಳು. "ಬೇಡ ಅಕ್ಕ, ನಿಮ್ಮ ದಮ್ಮಯ್ಯ. ಅದನ್ನ ನೋಡ್ಬೇಡಿ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೆಸಿಬಿಡಿ."

"ಈಗ ಭಯ ಆಯ್ತಾ?"

"ಆಗ್ತಿದೆ ಅಕ್ಕ."

ದರ್ಜಿ ಸಹಿ ಗೀಚಿದಳು. ಮೇಲ್ವಿಚಾರಕರು ಕೀಲಿಮಣೆಯ ಮೇಲೆ ಏನೋ ಒತ್ತಿದರು.

ಪರದೆ ತಿಳಿಯಾಯಿತು. ಗೀಟುಗಳಿಗೆ ಮೈ ಬಂತು, ಮುಖ ಬಂತು. ಹಾಸಿಗೆಯಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದವಳು ಆಯಾ. ನಿಂತು ಬಾರಿಸುತ್ತಿದ್ದವಳು ಅಮ್ಮ.

ದರ್ಜಿಗೆ ಆಯಾಳ ಕಡೆ ತಿರುಗಲೂ ಆಗಲಿಲ್ಲ. "ನಿಲ್ಲಿಸಿ" ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಮೇಲ್ವಿಚಾರಕರು ವಿಡಿಯೋದ ಧ್ವನಿ ಏರಿಸಿದರು.

"ಹೆತ್ತ ತಾಯೀನ ಇಲ್ಲಿ ಬಿಸಾಕಿ ಹೋದ್ಯಲ್ಲೇ ಮಗಳೇ, ಒಂದ್ಸಲನಾದ್ರೂ ಬಂದು ನೋಡಿದ್ಯಾ?" ಎಂದು ಅಮ್ಮ ಅಳುತ್ತ ಹೊಡೆಯುತ್ತಿದ್ದಳು, ಏಟು ಏಟಿಗೂ ಆಯಾ ಹೇಳುತ್ತಿದ್ದಳು, "ತಪ್ಪಾಯ್ತಮ್ಮ... ಬಂದಿದೀನಲ್ಲ, ಇನ್ನೆಲ್ಲೂ ಹೋಗಲ್ಲ."